ನಾಯಕನಾದ ಕಾವಲಾಳು: ಜಾನ್ ಸ್ಕಾಟ್ ಪ್ರಕರಣ, ಬಳ್ಳಾರಿಯ ಒಂದು ತರಗತಿಯಿಂದ ಕಂಡಂತೆ

ಬಳ್ಳಾರಿಯಲ್ಲಿ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು ಪ್ರತಿ ವರ್ಷವೂ ಒಂದು ವಾರವನ್ನು ಒಂದೇ ಪ್ರಕರಣಕ್ಕೆ ಮೀಸಲಿಡುತ್ತೇನೆ. ಅದು ನಮ್ಮ ಜಿಲ್ಲೆಯದಲ್ಲ, ನಮ್ಮ ದೇಶದ್ದೂ ಅಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೈಯಲ್ಲಿ ಹಿಡಿದು ಆಡಿರದ ಆಟಕ್ಕೆ ಸೇರಿದ್ದು. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 2016ರ ಜನವರಿಯಲ್ಲಿ ನಡೆಸಿದ ಆಲ್‌ಸ್ಟಾರ್ ಪಂದ್ಯಕ್ಕೆ, ಅಂದರೆ ಲೀಗಿನ ತಾರೆಗಳನ್ನೆಲ್ಲ ಕೂಡಿಸಿ ಆಡಿಸುವ ಪ್ರದರ್ಶನ ಪಂದ್ಯಕ್ಕೆ, ಅಭಿಮಾನಿಗಳು ಜಾನ್ ಸ್ಕಾಟ್ ಎಂಬ ಸಾಮಾನ್ಯ ಆಟಗಾರರನ್ನು ಮತ ಹಾಕಿ ನಾಯಕರನ್ನಾಗಿ ಮಾಡಿದ ಪ್ರಕರಣ ಅದು. ಅಭಿಮಾನ ಎಂಬುದು ಹೇಗೆ ಹುಟ್ಟುತ್ತದೆ, ಯಾವ ಘಳಿಗೆಯಲ್ಲಿ ಗಟ್ಟಿಯಾಗುತ್ತದೆ, ಅದನ್ನು ತಡೆಯಲು ಹೊರಟವರೇ ಅದನ್ನು ಹೇಗೆ ಬೆಳೆಸುತ್ತಾರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಘಟನೆ ನನಗೆ ಕ್ರೀಡಾ ಚರಿತ್ರೆಯಲ್ಲಿ ಸಿಕ್ಕಿಲ್ಲ. ತರಗತಿಯಲ್ಲಿ ನಡೆದ ಚರ್ಚೆಗಳನ್ನೂ ಸೇರಿಸಿಕೊಂಡು ಆ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಆಟ, ಮತ್ತು ಆ ಆಟದೊಳಗಿನ ಒಂದು ಕೆಲಸ

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ, ಹನ್ನೊಂದು ಜನರ ತಂಡ, ಬಿಳಿಯ ಚೆಂಡು. ಇಲ್ಲಿ ಹೇಳುತ್ತಿರುವುದು ಮಂಜಿನ ಮೇಲಿನ ಹಾಕಿ. 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಅಂಗಳ, ಸುತ್ತಲೂ ಗಟ್ಟಿ ಹಲಗೆಯ ಗೋಡೆ, ಪ್ರತಿ ತಂಡದಿಂದ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್. ಕಾಲಿಗೆ ಕಟ್ಟಿದ ಉಕ್ಕಿನ ಅಲಗುಗಳ ಮೇಲೆ ಜಾರುತ್ತ ಆಡುವ ಈ ಆಟದಲ್ಲಿ ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ ಇರುತ್ತದೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ತೂಕ 170 ಗ್ರಾಂ ಮೀರಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕುಳಿತು ಇದನ್ನು ಬಾಯಲ್ಲಿ ಹೇಳಿದರೆ ಸಾಲದೆಂದು, ಮೊದಲ ವರ್ಷ ನಾನು ಮೋತಿ ಸರ್ಕಲ್ ಕಡೆಯ ಒಂದು ಪಂಕ್ಚರ್ ಅಂಗಡಿಗೆ ಹೋಗಿ, ಹಳೆಯ ಲಾರಿ ಟೈರಿನ ಎರಡು ಪದರಗಳನ್ನು ಅಂಟಿಸಿ ಅದೇ ಅಳತೆಗೆ ಒಂದು ಬಿಲ್ಲೆ ಕತ್ತರಿಸಿಕೊಂಡು ಬಂದೆ. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅಂಚು ಸ್ವಲ್ಪ ಸೊಟ್ಟ, ಮೂಗಿನ ಹತ್ತಿರ ಹಿಡಿದರೆ ಈಗಲೂ ಅಂಟಿನ ವಾಸನೆ. ತರಗತಿಯಲ್ಲಿ ಅದು ಕೈಯಿಂದ ಕೈಗೆ ಹೋಗುವಾಗ ಪ್ರತಿಯೊಬ್ಬರೂ ಅದನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡುತ್ತಾರೆ, ಮತ್ತು ಇದು ಮುಖಕ್ಕೆ ಬಡಿದರೆ ಏನಾಗಬಹುದೆಂಬ ಪ್ರಶ್ನೆ ಯಾರೂ ಹೇಳಿಕೊಡದೆಯೇ ಬರುತ್ತದೆ.

ಆ ಪ್ರಶ್ನೆಯೇ ಸ್ಕಾಟ್ ಅವರ ಕೆಲಸಕ್ಕೆ ಬಾಗಿಲು. ಈ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವುದು ನಿಯಮಬದ್ಧ. ಇಬ್ಬರು ಕೈಗವಸು ಬಿಸುಟು ಹೊಡೆದಾಡಿದರೆ ಇಬ್ಬರಿಗೂ ಐದು ನಿಮಿಷದ ಶಿಕ್ಷೆ, ಆಮೇಲೆ ಮತ್ತೆ ಆಟಕ್ಕೆ ಮರಳಬಹುದು. ಹೀಗಾಗಿ ದಶಕಗಳ ಕಾಲ ಪ್ರತಿ ತಂಡವೂ ಒಬ್ಬ ಕಾವಲಾಳನ್ನು ಇಟ್ಟುಕೊಳ್ಳುತ್ತಿತ್ತು. ಗೋಲು ಹೊಡೆಯುವ ಚುರುಕಿನ ಆಟಗಾರನ ಮೇಲೆ ಎದುರಾಳಿ ಕೆಟ್ಟದಾಗಿ ಎರಗಿದರೆ ಅದರ ಲೆಕ್ಕ ಚುಕ್ತಾ ಮಾಡುವುದು ಅವನ ಕೆಲಸ, ಲೆಕ್ಕ ಚುಕ್ತಾ ಆಗುತ್ತದೆಂಬ ಭಯ ಹುಟ್ಟಿಸಿ ಎರಗದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಅವನು ಪಂದ್ಯದಲ್ಲಿ ಕೆಲವೇ ನಿಮಿಷ ಅಂಗಳದಲ್ಲಿರುತ್ತಾನೆ, ಉಳಿದ ಹೊತ್ತು ಬೆಂಚಿನ ಮೇಲೆ ಕೂತಿರುತ್ತಾನೆ.

ಸ್ಕಾಟ್ ಯಾರು

ಸ್ಕಾಟ್ ಹುಟ್ಟಿದ್ದು 1982ರಲ್ಲಿ, ಕೆನಡಾದ ಎಡ್ಮಂಟನ್‌ನಲ್ಲಿ. ಎತ್ತರ 6 ಅಡಿ 8 ಅಂಗುಲ, ತೂಕ ಸುಮಾರು 120 ಕಿಲೋ. ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರ ಹೆಸರನ್ನು ಯಾರೂ ಕರೆಯಲಿಲ್ಲ. ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಆಡುತ್ತಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಓದಿದರು. ಈ ಮಾತು ಬಂದಾಗ ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಒಂದು ಸಣ್ಣ ಗುಜುಗುಜು ಏಳುತ್ತದೆ, ಏಕೆಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಇಲ್ಲಿ ಮೆಕ್ಯಾನಿಕಲ್ ಓದಿದ ಅಣ್ಣನೋ ಭಾವನೋ ಇಲ್ಲದ ಮನೆ ಅಪರೂಪ. ಅಲ್ಲಿಯವರೆಗೆ ದೂರದ ದೈತ್ಯನಾಗಿದ್ದ ವ್ಯಕ್ತಿ ಆ ಒಂದು ಮಾತಿನಿಂದ ಪಕ್ಕದ ಮನೆಯವನಂತೆ ಕಾಣತೊಡಗುತ್ತಾನೆ.

ಕೆಳಗಿನ ಹಂತದ ಲೀಗುಗಳಲ್ಲಿ ಆಡಿ ಮೇಲೇರಿದ ಅವರು 2008-09ರ ಋತುವಿನಲ್ಲಿ ಮಿನ್ನೆಸೋಟ ವೈಲ್ಡ್ ತಂಡದ ಮೂಲಕ ಎನ್‌ಎಚ್‌ಎಲ್ ಪ್ರವೇಶಿಸಿದರು. ಅಲ್ಲಿಂದ ಶಿಕಾಗೊ, ನ್ಯೂಯಾರ್ಕ್ ರೇಂಜರ್ಸ್, ಬಫಲೊ, ಸ್ಯಾನ್ ಹೋಸೆ, ಅರಿಜೋನ, ಕೊನೆಗೆ ಮಾಂಟ್ರಿಯಲ್. ಒಟ್ಟು ಏಳು ತಂಡಗಳು, 286 ಪಂದ್ಯಗಳು, 5 ಗೋಲುಗಳು, ಇತರರ ಗೋಲಿಗೆ ನೆರವಾದದ್ದು 6 ಬಾರಿ, ಶಿಕ್ಷೆಯ ಆವರಣದಲ್ಲಿ ಕುಳಿತದ್ದು 544 ನಿಮಿಷ. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ ನಗು ಬರುವುದು ಸಹಜ. ಆದರೆ ನಗು ನಿಂತ ಮೇಲೆ ನಾನು ಕೇಳುವುದಿಷ್ಟೆ: ಐದು ಗೋಲು ಹೊಡೆದವನನ್ನು ಏಳು ತಂಡಗಳು ಎಂಟು ಋತುಗಳ ಕಾಲ ಸಂಬಳ ಕೊಟ್ಟು ಯಾಕೆ ಇಟ್ಟುಕೊಂಡವು? ಅಂಕಿಪಟ್ಟಿಯಲ್ಲಿ ಕಾಣದ ಒಂದು ಕೆಲಸವನ್ನು ಅವರು ಮಾಡುತ್ತಿದ್ದರು, ಅದರ ಫಲ ಇನ್ನೊಬ್ಬರ ಹೆಸರಿನ ಮುಂದೆ ದಾಖಲಾಗುತ್ತಿತ್ತು.

ಅವರನ್ನು ನಿಷ್ಕಳಂಕರೆಂದು ಚಿತ್ರಿಸುವುದು ಪ್ರಕರಣಕ್ಕೆ ಮಾಡುವ ದ್ರೋಹ. 2013ರ ಅಕ್ಟೋಬರಿನಲ್ಲಿ ಬಾಸ್ಟನ್‌ನ ಲೂಯಿ ಎರಿಕ್ಸನ್ ಅವರ ತಲೆಗೆ ಡಿಕ್ಕಿ ಹೊಡೆದದ್ದಕ್ಕಾಗಿ ಸ್ಕಾಟ್ 7 ಪಂದ್ಯಗಳ ಅಮಾನತು ಅನುಭವಿಸಿದರು, ಮತ್ತು ಆ ಶಿಕ್ಷೆ ನ್ಯಾಯವಾದದ್ದೇ ಆಗಿತ್ತು. ಈ ಕಾವಲು ಕೆಲಸಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಮಿನ್ನೆಸೋಟದಲ್ಲಿ ಸ್ಕಾಟ್ ಅವರ ಜೊತೆ ಇದ್ದ ಡೆರೆಕ್ ಬೂಗಾರ್ಡ್ ಎಂಬ ಇನ್ನೊಬ್ಬ ಕಾವಲಾಳು 2011ರ ಮೇ ತಿಂಗಳಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು. ತಲೆಗೆ ಮತ್ತೆಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಕಾಯಿಲೆ ಅವರ ಮೆದುಳಿನಲ್ಲಿ ಇದ್ದದ್ದು ಆಮೇಲಿನ ಪರೀಕ್ಷೆಯಲ್ಲಿ ಗೊತ್ತಾಯಿತು. 2015ರ ಹೊತ್ತಿಗೆ ಲೀಗ್ ವೇಗದ, ಕೌಶಲದ ಆಟದತ್ತ ಹೊರಳಿತ್ತು, ಕಾವಲಾಳುಗಳು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದರು. ಆ ಋತುವಿನಲ್ಲಿ ಅರಿಜೋನ ಕಯೋಟೀಸ್ ತಂಡ ಸ್ಕಾಟ್ ಅವರನ್ನು ಆಡಿಸಿದ್ದು 11 ಪಂದ್ಯಗಳಲ್ಲಿ ಮಾತ್ರ, ಮತ್ತು ಅವುಗಳಲ್ಲಿ ಅವರು ಒಂದು ಗೋಲನ್ನೂ ಹೊಡೆದಿರಲಿಲ್ಲ. ಕೆಲಸವೇ ಇಲ್ಲವಾಗುತ್ತಿದ್ದ ಒಬ್ಬ ಕೆಲಸಗಾರನ ಹೆಸರನ್ನು ಅಭಿಮಾನಿಗಳು ಎತ್ತಿಕೊಂಡರು.

ಮತದಾನ

ಆ ವರ್ಷ ಆಲ್‌ಸ್ಟಾರ್ ಪಂದ್ಯದ ಸ್ವರೂಪ ಬದಲಾಗಿತ್ತು. ಲೀಗಿನ ನಾಲ್ಕು ವಿಭಾಗಗಳಿಂದ ತಲಾ 11 ಜನರ ತಂಡ, ಅಂಗಳದಲ್ಲಿ ಒಮ್ಮೆಗೆ ಮೂವರು ಎದುರು ಮೂವರು, ಗೆದ್ದ ತಂಡಕ್ಕೆ ಹಂಚಿಕೊಳ್ಳಲು 10 ಲಕ್ಷ ಡಾಲರ್. ನಾಲ್ವರು ನಾಯಕರನ್ನು ಅಭಿಮಾನಿಗಳೇ ಆರಿಸಬೇಕು, ಲೀಗಿನ ಯಾವ ಆಟಗಾರನಿಗಾದರೂ ಮತ ಹಾಕಬಹುದು ಎಂದು ಲೀಗ್ ಹೇಳಿತು. ಮೂವರು ಮೂವರ ಆಟದಲ್ಲಿ ಜಾಗ ವಿಶಾಲವಾಗುತ್ತದೆ, ವೇಗ ಹೆಚ್ಚುತ್ತದೆ. ಇಂಥ ಆಟಕ್ಕೆ ಲೀಗಿನಲ್ಲೇ ಅತ್ಯಂತ ಹೊಂದದ ವ್ಯಕ್ತಿ ಯಾರೆಂದು ಇಬ್ಬರು ಹಾಕಿ ಪತ್ರಕರ್ತರು ತಮ್ಮ ಪಾಡ್‌ಕಾಸ್ಟ್‌ನಲ್ಲಿ ಹರಟುತ್ತಿದ್ದಾಗ ಸ್ಕಾಟ್ ಅವರ ಹೆಸರು ಬಂತು. ಅಂತರ್ಜಾಲದಲ್ಲಿ ಹಾಕಿಪ್ರೇಮಿಗಳು ಅದನ್ನು ಹಿಡಿದುಕೊಂಡರು. 2015ರ ಡಿಸೆಂಬರ್ ತಿಂಗಳಿಡೀ ಮತಗಳು ಹರಿದುಬಂದವು.

ಈ ಹಂತದ ಬಗ್ಗೆ ನಾವು ಪ್ರಾಮಾಣಿಕರಾಗಿರಬೇಕು. ಆರಂಭದಲ್ಲಿ ಇದು ಪ್ರೀತಿಯಲ್ಲ, ಗೇಲಿ. ಮತ ಹಾಕಿದವರಲ್ಲಿ ಬಹಳಷ್ಟು ಮಂದಿಗೆ ಬೇಕಾಗಿದ್ದದ್ದು ಲೀಗಿಗೆ ಮುಜುಗರ ಮಾಡುವುದು, ಅದಕ್ಕೆ ಸ್ಕಾಟ್ ಎಂಬ ಮನುಷ್ಯ ಒಂದು ನೆಪ. ಮನುಷ್ಯನನ್ನು ನೆಪ ಮಾಡಿಕೊಳ್ಳುವುದರಲ್ಲಿ ಒಂದು ಕ್ರೌರ್ಯವಿದೆ, ಆ ಕ್ರೌರ್ಯ ಸ್ಕಾಟ್ ಅವರಿಗೂ ಕಂಡಿತ್ತು. ತಾವು ಇದಕ್ಕೆ ಅರ್ಹರಲ್ಲ, ತಮ್ಮ ತಂಡದಲ್ಲಿ ಅರ್ಹರಾದ ಬೇರೆಯವರಿದ್ದಾರೆ, ಅವರಿಗೆ ಮತ ಹಾಕಿ ಎಂದು ಅವರು ಬಹಿರಂಗವಾಗಿಯೇ ಕೇಳಿಕೊಂಡರು. ಮತಗಳು ನಿಲ್ಲಲಿಲ್ಲ. 2016ರ ಜನವರಿ ಆರಂಭದಲ್ಲಿ ನಾಲ್ವರು ನಾಯಕರ ಹೆಸರು ಪ್ರಕಟವಾದಾಗ 43 ವರ್ಷದ ಯಾರೊಮಿರ್ ಯಾಗರ್, ಅಲೆಕ್ಸಾಂಡರ್ ಒವೆಚ್ಕಿನ್, ಪ್ಯಾಟ್ರಿಕ್ ಕೇನ್ ಎಂಬ ಮೂವರು ಮಹಾರಥಿಗಳ ಸಾಲಿನಲ್ಲಿ ಪೆಸಿಫಿಕ್ ವಿಭಾಗದ ನಾಯಕರಾಗಿ ಜಾನ್ ಸ್ಕಾಟ್ ನಿಂತಿದ್ದರು.

ಇದು ಮೊದಲ ಸಲವೇನೂ ಅಲ್ಲ. 2007ರ ಆಲ್‌ಸ್ಟಾರ್ ಪಂದ್ಯಕ್ಕೆ ವ್ಯಾಂಕೂವರ್ ತಂಡದ ರೋರಿ ಫಿಟ್ಜ್‌ಪ್ಯಾಟ್ರಿಕ್ ಎಂಬ, ಹಾಗೆಯೇ ತಂಡದಿಂದ ತಂಡಕ್ಕೆ ಅಲೆದ ರಕ್ಷಣಾ ಆಟಗಾರರ ಪರವಾಗಿ ಅಭಿಮಾನಿಗಳು ಅಭಿಯಾನ ನಡೆಸಿದ್ದರು. ಐದೂವರೆ ಲಕ್ಷಕ್ಕೂ ಹೆಚ್ಚು ಮತ ಬಿದ್ದರೂ ಅವರು ಪಶ್ಚಿಮ ವಿಭಾಗದ ರಕ್ಷಣಾ ಆಟಗಾರರಲ್ಲಿ ಮೂರನೆಯವರಾಗಿ ಉಳಿದು ಸ್ಥಾನ ತಪ್ಪಿಸಿಕೊಂಡರು. 2015ರಲ್ಲಿ ಬಫಲೊದ ಜೆಮ್ಗಸ್ ಗಿರ್ಗೆನ್ಸನ್ಸ್ ಅವರಿಗೆ 15 ಲಕ್ಷಕ್ಕೂ ಹೆಚ್ಚು ಮತ ಬಂದು ಅವರು ಎಲ್ಲರಿಗಿಂತ ಮುಂದಿದ್ದರು, ಆದರೆ ಅದು ಅವರ ತಾಯ್ನಾಡಾದ ಲಾಟ್ವಿಯ ಎಂಬ ಪುಟ್ಟ ದೇಶದ ಜನ ಒಗ್ಗಟ್ಟಾಗಿ ತೋರಿದ ಸ್ವದೇಶಾಭಿಮಾನ. ಸ್ಕಾಟ್ ಅವರ ಹಿಂದೆ ಇಂಥ ದೇಶವೂ ಇರಲಿಲ್ಲ, ಊರೂ ಇರಲಿಲ್ಲ.

ವರ್ಗಾವಣೆ, ಮತ್ತು ಒಂದು ಪ್ರಶ್ನೆ

ಜನವರಿ 15ರಂದು ಅರಿಜೋನ ತಂಡ ಸ್ಕಾಟ್ ಅವರನ್ನು ಮಾಂಟ್ರಿಯಲ್ ತಂಡಕ್ಕೆ ಬಿಟ್ಟುಕೊಟ್ಟಿತು. ಮಾಂಟ್ರಿಯಲ್ ಅವರನ್ನು ತನ್ನಲ್ಲಿ ಇಟ್ಟುಕೊಳ್ಳದೆ ಕೆಳಗಿನ ಲೀಗಿನ ತನ್ನ ತಂಡಕ್ಕೆ, ಕೆನಡಾದ ಪೂರ್ವ ತುದಿಯ ದ್ವೀಪವಾದ ನ್ಯೂಫೌಂಡ್‌ಲೆಂಡಿನ ಸೇಂಟ್ ಜಾನ್ಸ್ ಪಟ್ಟಣಕ್ಕೆ ಕಳಿಸಿತು. ಅರಿಜೋನಕ್ಕೂ ಆ ಪಟ್ಟಣಕ್ಕೂ ಗಡಿಯಾರದಲ್ಲೇ ಮೂರೂವರೆ ಗಂಟೆಯ ಅಂತರವಿದೆ. ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಹೆಂಡತಿ ಅವಳಿ ಮಕ್ಕಳ ತುಂಬು ಬಸುರಿ. ಆಲ್‌ಸ್ಟಾರ್ ಪಂದ್ಯವನ್ನು ತಪ್ಪಿಸಲೆಂದೇ ಈ ವರ್ಗಾವಣೆ ನಡೆಯಿತೆಂದು ಅಧಿಕೃತವಾಗಿ ಯಾರೂ ಒಪ್ಪಿಲ್ಲ, ಆದ್ದರಿಂದ ನಾನೂ ಹಾಗೆಂದು ತೀರ್ಪು ಕೊಡುವುದಿಲ್ಲ. ಆದರೆ ಅಭಿಮಾನಿಗಳಿಗೆ ಅದು ಕಂಡದ್ದು ಹಾಗೆಯೇ. ಈಗ ಪೆಸಿಫಿಕ್ ವಿಭಾಗದಲ್ಲೂ ಇಲ್ಲದ, ಎನ್‌ಎಚ್‌ಎಲ್‌ನಲ್ಲೂ ಇಲ್ಲದ ಆಟಗಾರ ಪೆಸಿಫಿಕ್ ತಂಡದ ನಾಯಕರಾಗುವರೇ ಎಂಬ ಪ್ರಶ್ನೆ ಕೆಲವು ದಿನ ತೂಗಾಡಿತು. ಜನರ ಆಕ್ರೋಶದ ನಡುವೆ ಲೀಗ್, ಅವರು ನಾಯಕರಾಗಿಯೇ ಆಡುತ್ತಾರೆಂದು ಘೋಷಿಸಿತು.

ಪಂದ್ಯಕ್ಕೆ ಕೆಲವೇ ದಿನ ಮುಂಚೆ ಸ್ಕಾಟ್ ತಮ್ಮ ಅನುಭವವನ್ನು ತಾವೇ ಬರೆದು ಪ್ರಕಟಿಸಿದರು. ಆ ಬರಹದ ಪ್ರಕಾರ, ಅವರು ಹಿಂದೆ ಸರಿಯುವಂತೆ ಮನವೊಲಿಸುವ ಮಾತುಕತೆಗಳ ನಡುವೆ ಲೀಗಿನ ಕಡೆಯವರೊಬ್ಬರು ಅವರನ್ನು ಕೇಳಿದ್ದು, ಇದು ನಿಮ್ಮ ಮಕ್ಕಳು ಹೆಮ್ಮೆಪಡುವಂಥ ಸಂಗತಿಯೆಂದು ನಿಮಗೆ ಅನ್ನಿಸುತ್ತದೆಯೇ ಎಂದು. ಅಲ್ಲಿಯವರೆಗೆ ಎದುರಿನವರ ವಾದವನ್ನು ಅರ್ಥಮಾಡಿಕೊಳ್ಳಲು ತಾವು ಸಿದ್ಧರಿದ್ದೆವು, ಆ ಮಾತಿನ ನಂತರ ಅದು ಮುಗಿಯಿತು ಎಂಬುದು ಅವರ ಬರಹದ ತಿರುಳು. ತಾವು ತಾರೆಯಲ್ಲ ಎಂಬುದನ್ನು ಅವರು ಅಲ್ಲಿಯೂ ನಿರಾಕರಿಸಲಿಲ್ಲ. ಆದರೆ ಈ ಲೀಗಿನಲ್ಲಿ ಒಂದು ಜಾಗವನ್ನು ತಾವು ದುಡಿದು ಗಳಿಸಿದ್ದೇವೆ, ಅದನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ ಎಂದು ನೆಟ್ಟಗೆ ಹೇಳಿದರು.

ಇಡೀ ಪ್ರಕರಣದ ಕೀಲು ಇರುವುದು ಆ ಒಂದು ಪ್ರಶ್ನೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ನೀನು ಉತ್ತಮ ಆಟಗಾರನಲ್ಲ ಎಂದು ಹೇಳಿದ್ದರೆ ಅದು ನಿಜವೇ ಆಗಿತ್ತು, ಸ್ಕಾಟ್ ಕೂಡ ಅದನ್ನೇ ಹೇಳುತ್ತಿದ್ದರು. ಆದರೆ ನಿನ್ನ ಮಕ್ಕಳು ನಿನ್ನನ್ನು ಕಂಡು ತಲೆತಗ್ಗಿಸುತ್ತಾರೆ ಎಂಬ ಧ್ವನಿ ಆಟದ ಅಂಗಳವನ್ನು ದಾಟಿ ಮನೆಯ ಹೊಸ್ತಿಲೊಳಗೆ ಕಾಲಿಡುತ್ತದೆ. ಆ ಹೊಸ್ತಿಲನ್ನು ದಿನಾ ದಾಟಿ ದುಡಿಯಲು ಹೋಗುವ ಪ್ರತಿಯೊಬ್ಬರಿಗೂ, ಅವರು ಗಾರೆ ಕೆಲಸದವರಾಗಲಿ ಗುಮಾಸ್ತರಾಗಲಿ, ಆ ಮಾತಿನ ಇರಿತ ಗೊತ್ತು. ತಮಾಷೆಗೆ ಮತ ಹಾಕಿದವರಿಗೆ ಅಂದು ತಮ್ಮ ತಮಾಷೆ ಎಲ್ಲಿಗೆ ಹೋಗಿ ಮುಟ್ಟಿದೆಯೆಂದು ತಿಳಿಯಿತು. ಒಬ್ಬ ಮನುಷ್ಯನನ್ನು ಈ ಸ್ಥಿತಿಗೆ ತಂದವರು ತಾವೇ ಎಂಬ ಹೊಣೆಯ ಅರಿವು ಮೂಡಿತು. ಗೇಲಿ ಅಭಿಮಾನವಾದದ್ದು ಅಲ್ಲಿ, ಆ ಹೊಣೆಯ ಮೂಲಕ. ಕರುಣೆ ಎಂದು ಕೆಲವರು ಇದನ್ನು ವಿವರಿಸಿದ್ದಾರೆ, ನಾನು ಒಪ್ಪುವುದಿಲ್ಲ. ಕರುಣೆ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು, ಇವರು ಪಕ್ಕಕ್ಕೆ ಬಂದು ನಿಂತರು.

ಪಂದ್ಯ

2016ರ ಜನವರಿ 31ರ ಸಂಜೆ, ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರ. ನಮ್ಮಲ್ಲಿ ಆಗ ಫೆಬ್ರುವರಿ 1ರ ನಸುಕು. ನಾನು ಆ ಪಂದ್ಯವನ್ನು ನೋಡಿದ್ದು ಬಹಳ ತಡವಾಗಿ, ದಾಖಲಾದ ದೃಶ್ಯದಲ್ಲಿ. ಹಾಗಿದ್ದೂ ಪ್ರತಿ ವರ್ಷ ತರಗತಿಯ ಗೋಡೆಯ ಮೇಲೆ ಅದನ್ನು ತೋರಿಸುವಾಗ ನನ್ನ ಅಂಗೈ ಬೆವರುತ್ತದೆ.

ಪೆಸಿಫಿಕ್ ತಂಡದ ಮೊದಲ ಪಂದ್ಯ ಸೆಂಟ್ರಲ್ ತಂಡದ ಎದುರು. ಆಟ ಶುರುವಾಗಿ ಮೊದಲ ನಿಮಿಷ ಮುಗಿಯುವ ಮೊದಲೇ ಸ್ಕಾಟ್ ಗೋಲು ಹೊಡೆದರು. ಎಂಟು ಋತುಗಳಲ್ಲಿ ಐದು ಗೋಲು ಹೊಡೆದವರು. ಆಮೇಲೆ, ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲದ ಖಾಲಿ ಮಂಜಿನ ಮೇಲೆ ಪಕ್ ಹಿಡಿದು ಏಕಾಂಗಿಯಾಗಿ ನುಗ್ಗಿ ಎರಡನೆಯದನ್ನೂ ಹೊಡೆದರು. ಈ ಎರಡನೆಯ ಗೋಲನ್ನು ನಾನು ನಿಧಾನಗತಿಯಲ್ಲಿ ತೋರಿಸುತ್ತೇನೆ. ಆ ದೊಡ್ಡ ದೇಹ ಚುರುಕಾಗಿ ಜಾರುವುದಿಲ್ಲ, ಅದಕ್ಕೆ ಅವಸರವೂ ಇಲ್ಲ. ಗೋಲಾದೊಡನೆ ಬೆಂಚಿನಲ್ಲಿದ್ದ ದೊಡ್ಡ ದೊಡ್ಡ ತಾರೆಗಳು ಚಿಕ್ಕ ಹುಡುಗರಂತೆ ಎದ್ದು ನಿಲ್ಲುತ್ತಾರೆ. ನಡುವೆ, ಶಿಕಾಗೊದಲ್ಲಿ ಒಂದು ಕಾಲಕ್ಕೆ ಸಹ ಆಟಗಾರರಾಗಿದ್ದ ಪ್ಯಾಟ್ರಿಕ್ ಕೇನ್ ಅವರೊಂದಿಗೆ ಒಂದು ಹುಸಿ ಜಗಳವೂ ನಡೆಯಿತು. ಲೀಗಿನ ಅತ್ಯಂತ ನಯವಾದ ಆಟಗಾರರಲ್ಲಿ ಒಬ್ಬರು ಲೀಗಿನ ಅತ್ಯಂತ ಒರಟು ಆಟಗಾರರೆಂದು ಹೆಸರಾದವರ ಜೊತೆ ನಗುತ್ತ ಗುದ್ದಾಡುವ ಆ ಕ್ಷಣದಲ್ಲಿ, ಸಹೋದ್ಯೋಗಿಗಳು ಸ್ಕಾಟ್ ಅವರನ್ನು ಏನೆಂದು ತಿಳಿದಿದ್ದರು ಎಂಬುದು ಸ್ಪಷ್ಟವಾಗುತ್ತದೆ.

ಪೆಸಿಫಿಕ್ 9-6ರಿಂದ ಗೆದ್ದಿತು. ಫೈನಲ್‌ನಲ್ಲಿ ಅಟ್ಲಾಂಟಿಕ್ ತಂಡವನ್ನು 1-0ಯಿಂದ ಸೋಲಿಸಿತು, ಆ ಏಕೈಕ ಗೋಲು ಕೋರಿ ಪೆರ್ರಿ ಅವರದು. ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಲೀಗ್ ಸೂಚಿಸಿದ ಮೂರು ಹೆಸರುಗಳಲ್ಲಿ ಸ್ಕಾಟ್ ಅವರದು ಇರಲಿಲ್ಲ. ಕ್ರೀಡಾಂಗಣದಲ್ಲಿದ್ದ ಜನ ಕೂಗಿದರು, ಟ್ವಿಟರ್‌ನಲ್ಲಿ ಮತ ಹಾಕುತ್ತಿದ್ದವರು ಪಟ್ಟಿಯಲ್ಲಿಲ್ಲದ ಹೆಸರನ್ನು ತಾವೇ ಬರೆದು ಕಳಿಸಿದರು. ಪ್ರಶಸ್ತಿ ಅವರಿಗೇ ಬಂತು. ಸಹ ಆಟಗಾರರು ಆ 120 ಕಿಲೋ ದೇಹವನ್ನು ಹೆಗಲ ಮೇಲೆ ಎತ್ತಿದರು. ಅಭಿಮಾನಿಗಳ ಮತವನ್ನು ಸಂಶಯದಿಂದ ನೋಡಬಹುದು, ಆದರೆ ಹೆಗಲು ಕೊಟ್ಟವರು ಅಭಿಮಾನಿಗಳಲ್ಲ, ಅದೇ ಕಸುಬಿನವರು.

ಮುಂದಿನ ಸಂಗತಿಗಳು ಬೇಗ ಮುಗಿಯುತ್ತವೆ. ಕೆಲವೇ ದಿನಗಳಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಋತುವಿನ ಕೊನೆಗೆ ಮಾಂಟ್ರಿಯಲ್ ಅವರನ್ನು ಮೇಲಕ್ಕೆ ಕರೆಸಿ ಒಂದು ಪಂದ್ಯ ಆಡಿಸಿತು, ಅದೇ ಅವರ 286ನೆಯ ಮತ್ತು ಕೊನೆಯ ಎನ್‌ಎಚ್‌ಎಲ್ ಪಂದ್ಯ. ಅದೇ ವರ್ಷದ ಡಿಸೆಂಬರಿನಲ್ಲಿ ನಿವೃತ್ತಿ ಪ್ರಕಟಿಸಿದರು. ಕೆಳಗಿನ ಲೀಗಿಗೆ ಕಳಿಸಲಾದ ಆಟಗಾರರು ಮತಕ್ಕೆ ಅರ್ಹರಲ್ಲವೆಂದು ಎನ್‌ಎಚ್‌ಎಲ್ ಮುಂದಿನ ಋತುವಿಗೆ ನಿಯಮವನ್ನು ಬಿಗಿ ಮಾಡಿತು.

ತರಗತಿಯಲ್ಲಿ ಎದ್ದ ಎರಡು ಮಾತು

ಚರ್ಚೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಸ್ಕಾಟ್ ಅವರ ಪರ ವಹಿಸುತ್ತಾರೆ. ಒಂದು ವರ್ಷ ಮಾತ್ರ ಸಂಡೂರು ಕಡೆಯ ಒಬ್ಬ ವಿದ್ಯಾರ್ಥಿನಿ, ಒಳ್ಳೆಯ ಖೋ ಖೋ ಆಟಗಾರ್ತಿ, ಎಲ್ಲರ ಚಪ್ಪಾಳೆ ಮುಗಿಯುವವರೆಗೆ ಕಾದು ಎದ್ದು ನಿಂತಳು. “ಸರ್, ಅವರು ಗೆದ್ರು, ಛಲೋ ಆತು. ಆದ್ರ ಅವರ ಜಾಗದಾಗ ಬರಬೇಕಾಗಿದ್ದ ಒಬ್ಬ ಆಟಗಾರ ಇದ್ನಲ್ಲರಿ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನಿಗೂ ಮನ್ಯಾಗ ಮಕ್ಕಳು ಇರ್ತಾವಲ್ಲರಿ?” ಎಂದಳು. ಅವಳು ಎರಡು ಬಾರಿ ಜಿಲ್ಲಾ ತಂಡದ ಆಯ್ಕೆಯಲ್ಲಿ ಕೊನೆಯ ಹೆಸರಿಗೆ ಬಂದು ತಪ್ಪಿಸಿಕೊಂಡವಳು ಎಂದು ನನಗೆ ಆಮೇಲೆ ತಿಳಿಯಿತು. ಈ ಪ್ರಕರಣದ ಬಗ್ಗೆ ನಾನು ಕೇಳಿರುವ ಅತ್ಯಂತ ಕಠಿಣವಾದ, ಅತ್ಯಂತ ನ್ಯಾಯವಾದ ಪ್ರಶ್ನೆ ಅದು. ಹನ್ನೊಂದು ಜಾಗಗಳಲ್ಲಿ ಒಂದನ್ನು ಅಭಿಮಾನ ತೆಗೆದುಕೊಂಡಾಗ ಅರ್ಹತೆಗೆ ಹತ್ತೇ ಉಳಿಯುತ್ತವೆ.

ನಾನು ಅವಳಿಗೆ ಹೇಳಿದ ಉತ್ತರ ಹೀಗಿತ್ತು. ರಾಷ್ಟ್ರೀಯ ತಂಡದ ಆಯ್ಕೆಯನ್ನೋ ಜಿಲ್ಲಾ ತಂಡದ ಆಯ್ಕೆಯನ್ನೋ ಮತಕ್ಕೆ ಹಾಕಿದ್ದರೆ ನಾನು ನಿನ್ನ ಪಕ್ಷ. ಅಲ್ಲಿ ಒಂದು ಜಾಗ ಒಬ್ಬರ ಬದುಕನ್ನೇ ತಿರುಗಿಸುತ್ತದೆ, ಅಲ್ಲಿ ಅಂಕಿ ಅಂಶಗಳಿಗೆ ಮಾತ್ರ ಬಾಯಿರಬೇಕು. ಆದರೆ ಆಲ್‌ಸ್ಟಾರ್ ಪಂದ್ಯ ಜಾತ್ರೆಯಂಥದ್ದು, ಯಾವ ಅಂಕಪಟ್ಟಿಗೂ ಸೇರದ್ದು. ಜಾತ್ರೆಯಲ್ಲಿ ನಿಮಗೆ ಯಾರನ್ನು ನೋಡಬೇಕೆಂದು ಜನರನ್ನು ಕೇಳಿದ ಮೇಲೆ, ಅವರು ಕೊಟ್ಟ ಉತ್ತರವನ್ನು ತಪ್ಪೆನ್ನುವ ಹಕ್ಕು ಕೇಳಿದವರಿಗಿಲ್ಲ. ನಿಯಮವನ್ನು ಮತದಾನಕ್ಕೆ ಮೊದಲೇ ಬರೆದಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಅವಳು ಒಪ್ಪಿದಳೆಂದು ನನಗೆ ಅನ್ನಿಸಲಿಲ್ಲ. ಒಪ್ಪಲೇಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಎರಡನೆಯ ಮಾತು ಸಿರುಗುಪ್ಪ ಕಡೆಯ ಹುಡುಗನದು. “ಸರ್, ಇದು ನಮ್ಮೂರ ಬಯಲಾಟದಾಗ ನಡದದ್ದಾ ಐತ್ರಿ,” ಎಂದು ಅವನು ಶುರುಮಾಡಿದ. ಅವರ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಕಟ್ಟುತ್ತಾರೆ. ದೊಡ್ಡ ಪಾತ್ರ ಬೇಕಾದವರು ಅದಕ್ಕೆ ತಕ್ಕಷ್ಟು ದುಡ್ಡು ಕಟ್ಟಬೇಕು. ಅವನ ಸೋದರಮಾವ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವವರು, ಅಷ್ಟು ದುಡ್ಡು ಕಟ್ಟಲಾಗದೆ ವರ್ಷ ವರ್ಷವೂ ದೂತನ ಪಾತ್ರವನ್ನೇ ಮಾಡುತ್ತ ಬಂದವರು. ಇಡೀ ರಾತ್ರಿಗೆ ಎರಡು ಮಾತು. ಉಳಿದ ಹೊತ್ತು ಅವರು ಹಿಂದೆ ನಿಂತು ರಾಜರಿಗೆ ಭುಜಕೀರ್ತಿ ಕಟ್ಟುತ್ತಾರೆ, ಕಿರೀಟ ಜಾರಿದರೆ ಬಿಗಿ ಮಾಡುತ್ತಾರೆ, ಮಾತು ಮರೆತವರಿಗೆ ಪರದೆಯ ಮರೆಯಿಂದ ಹೇಳಿಕೊಡುತ್ತಾರೆ. ಒಂದು ವರ್ಷ ಪಡ್ಡೆ ಹುಡುಗರು ತಮಾಷೆಗೆಂದು ಮೇಲೇರಿ ದೂತನ ಅಂಗಿಗೆ ಹತ್ತು ರೂಪಾಯಿಯ ನೋಟು ಪಿನ್ನು ಮಾಡಿ ಮೈಕಿನಲ್ಲಿ ಹೆಸರು ಕೂಗಿಸಿದರು. ಮತ್ತೊಬ್ಬ ಬಂದ, ಮಗದೊಬ್ಬ ಬಂದ. ಹಣ ಕಟ್ಟಿ ದೊಡ್ಡ ಪಾತ್ರ ತೆಗೆದುಕೊಂಡಿದ್ದವರ ಕಡೆಯವರಿಗೆ ಸಿಟ್ಟು ಬಂತು. ಅವರಲ್ಲಿ ಒಬ್ಬರು ಎಲ್ಲರ ಎದುರಿಗೇ, ನಾಚಿಕೆ ಆಗಲ್ಲೇನು, ಇಳಿ ಕೆಳಗೆ ಎಂದರಂತೆ.

“ಆಮ್ಯಾಲೆ ಏನಾತು?” ಎಂದು ಇಡೀ ತರಗತಿ ಕೇಳಿತು.

“ನಮ್ಮಾವ ಇಳೀಲಿಲ್ಲರಿ. ಸುಮ್ನ ನಿಂತ್ರು. ಅಷ್ಟರಾಗ ಹೆಂಗಸರ ಕಡಿಂದ ನಮ್ಮಜ್ಜಿ ವಯಸ್ಸಿನ ಒಬ್ಬಾಕಿ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ಐವತ್ತು ರೂಪಾಯಿ ಹಚ್ಚಿದ್ಳು. ಅದು ತಮಾಷೆ ಅಲ್ಲರಿ. ಆಕಿ ಮಗಾನ ಕಿರೀಟ ಹತ್ತು ವರ್ಷ ಕಟ್ಟಿದ್ದು ನಮ್ಮಾವಾನಾ.”

ಅಲ್ಲಿಂದ ಮುಂದೆ ಸಾಲು ನಿಲ್ಲಲಿಲ್ಲವಂತೆ. ದೂತನ ಎದೆಯ ಮೇಲೆ ಬಟ್ಟೆ ಕಾಣದಷ್ಟು ನೋಟು ತುಂಬಿತು. ಹಿಮ್ಮೇಳದವರು ತಾಳ ನಿಲ್ಲಿಸಿ ಕಾದರು. ಕೊನೆಗೆ ಅವರು ತಮ್ಮ ಎರಡನೆಯ ಮಾತನ್ನು, ಪ್ರತಿ ವರ್ಷ ಹೇಳುವ ಅದೇ ದನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಹೇಳಿ, ರಾಜನಿಗೆ ಕೈಮುಗಿದು ಹಿಂದಕ್ಕೆ ಸರಿದರು. ಬೆಳಗಾದ ಮೇಲೆ ಮನೆಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ನೋಟಿನ ಪಿನ್ನು ತೆಗೆಯುತ್ತಿದ್ದ ಮಾವನಿಗೆ ಈ ಹುಡುಗ ಪಿನ್ನು ಹಾಕಿಡಲು ಒಂದು ಬಟ್ಟಲು ಹಿಡಿದಿದ್ದನಂತೆ. ಆ ಬಟ್ಟಲು ಅರ್ಧ ತುಂಬಿತ್ತು ಎಂದು, ಎರಡು ಬೆರಳು ಅಗಲಿಸಿ, ಎಷ್ಟು ತುಂಬಿತ್ತೆಂಬುದನ್ನು ಅವನು ನಮಗೆಲ್ಲ ತೋರಿಸಿದ.